ಬೇಸಗೆಯ ಹೈದರಾಬಾದಿನಲ್ಲಿ ನಾಲ್ಕು ದಿನ

ಹೈದರಾಬಾದು ಕನ್ನಡಿಗರಲ್ಲಿ ಕೆಲವರಿಗೆ ಪರಸ್ಥಳ, ಕೆಲವರಿಗೆ ಹಳೆಯ ರಾಜಧಾನಿ. ಬೆಂಗಳೂರು ಮೈಸೂರುಗಳ ಕಡೆಯವರು ಅಲ್ಲಿಗೆ ಹೋಗುವುದು ಊರು ನೋಡುವುದಕ್ಕೆ. ಕಲಬುರ್ಗಿ, ಬೀದರ, ರಾಯಚೂರುಗಳ ಹಳಬರು ಹೋಗುವುದು, ಮನೆಯ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯೊಂದನ್ನು ಇಳಿಸಿ ತೆರೆದು ನೋಡಿದ ಹಾಗೆ. ೧೯೫೬ರ ನವೆಂಬರ್ ೧ನೆಯ ತಾರೀಖಿನವರೆಗೆ ಈ ಮೂರು ಜಿಲ್ಲೆಗಳೂ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ಅರ್ಜಿ ಕೊಡಬೇಕಾದರೂ, ಅಪೀಲು ಹೋಗಬೇಕಾದರೂ, ದೊಡ್ಡ ಆಸ್ಪತ್ರೆ ಬೇಕಾದರೂ, ಮದುವೆಗೆ ಒಳ್ಳೆಯ ಬಳೆ ಬೇಕಾದರೂ ಜನ ಆ ಕಡೆಗೇ ಮುಖ ಮಾಡುತ್ತಿದ್ದರು. ಅಂದಿನಿಂದ ರಾಜಧಾನಿ ಬೆಂಗಳೂರಾಯಿತು. "ಹೈದರಾಬಾದಿಗೆ ಮುಂಜಾನೆ ಹೋಗಿ ಕೆಲಸ ಮುಗಿಸಿ ರಾತ್ರಿ ಮನಿಗೆ ಬರ್ತಿದ್ರು ನಮ್ಮಪ್ಪ, ಬೆಂಗಳೂರಿಗೆ ಹೋಗಿ ಬರಲಿಕ್ಕೆ ನಾಲ್ಕು ದಿನ ಬೇಕಾಯ್ತು" ಎಂದು ನಮ್ಮ ಮುತ್ಯಾ ಇಂದಿಗೂ ಹೇಳುವುದುಂಟು. ರಾಜ್ಯಗಳು ಒಂದಾದುದಕ್ಕೆ ಅವರಿಗೆ ಸಂತೋಷವೇ. ದೂರದ ಲೆಕ್ಕ ಬೇರೆ.

ಮುತ್ಯಾ ಎಂದರೆ ನಮಗೆ ಅಜ್ಜ, ನಮ್ಮ ಮಗುವಿಗೆ ಮುತ್ತಜ್ಜ. ಕಲಬುರ್ಗಿಯ ಕಡೆ ಎರಡಕ್ಕೂ ಒಂದೇ ಹೆಸರು ಸಲ್ಲುತ್ತದೆ. ಅವರಿಗೆ ಎಂಬತ್ತನಾಲ್ಕು. ಮಗುವಿಗೆ ನಾಲ್ಕು. ಹೈದರಾಬಾದಿನಲ್ಲಿ ಒಂದು ಹುಣಸೆಯ ಮರವಿದೆ, ಅದನ್ನು ಮಗುವಿಗೆ ತಾವೇ ತೋರಿಸಬೇಕು ಎಂದು ಅವರು ಎರಡು ವರ್ಷದಿಂದ ಹೇಳುತ್ತಿದ್ದರು. ಪುಣೆಯ ನಮ್ಮಂಥ ನೌಕರಿಯವರಿಗೆ ರಜೆ, ಮಗುವಿನ ಶಾಲೆಯ ರಜೆ, ಎರಡೂ ಕೂಡಿಬರುವುದು ಮೇ ತಿಂಗಳಿನಲ್ಲಿ ಮಾತ್ರ. ಬಿಸಿಲು ಎಂದು ಮುಂದೆ ಹಾಕಬಹುದಾಗಿತ್ತು. ಎಂಬತ್ತನಾಲ್ಕು ವರ್ಷದವರ ಆಸೆಯನ್ನು ಎಷ್ಟು ಸಲ ಮುಂದೆ ಹಾಕುವುದು? ಪುಣೆಯ ಗಾಡಿ ಸೋಲಾಪುರ, ಕಲಬುರ್ಗಿ, ವಾಡಿ, ತಾಂಡೂರುಗಳ ಮೇಲೆಯೇ ಹೈದರಾಬಾದಿಗೆ ಹೋಗುತ್ತದೆ. ಕಲಬುರ್ಗಿಯಲ್ಲಿ ಅವರು ಒಂದು ಕೈಚೀಲ, ಒಂದು ಕೊಡೆ, ಒಂದು ಹಿತ್ತಾಳೆಯ ನೀರಿನ ತಂಬಿಗೆ ಹಿಡಿದು ಹತ್ತಿದರು. ಕಾಚಿಗುಡದಲ್ಲಿ ನಮ್ಮ ಬೀಗರ ಮನೆ, ಅಲ್ಲಿ ಇಳಿದುಕೊಂಡೆವು.

ನಾಲ್ಕು ವರ್ಷದ ಮಗುವನ್ನೂ ಎಂಬತ್ತನಾಲ್ಕರ ಹಿರಿಯರನ್ನೂ ಕರೆದುಕೊಂಡು ನಲವತ್ತು ಡಿಗ್ರಿಯ ಊರನ್ನು ನೋಡಹೊರಟವರು ಎಲ್ಲಕ್ಕೂ ಮೊದಲು ಗಡಿಯಾರ ನೋಡಬೇಕು. ಬೆಳಗಿನ ಆರರಿಂದ ಹತ್ತು ನಮ್ಮದು. ಹನ್ನೊಂದರಿಂದ ನಾಲ್ಕು ಸೂರ್ಯನದು. ನಾಲ್ಕರ ಮೇಲೆ ಉಳಿದದ್ದು ಇಬ್ಬರಿಗೂ ಪಾಲು. ಒಂದು ಸಂಗತಿ ಬೀಗರ ಮನೆಯ ಡಾಕ್ಟರಮ್ಮ ಹೇಳಿದ್ದು ಎಲ್ಲ ತಾಯಿತಂದೆಗಳಿಗೂ ತಿಳಿದಿರುವುದು ಒಳ್ಳೆಯದು. ಚಿಕ್ಕ ಮಕ್ಕಳ ಮೈಯ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು. ಆದ್ದರಿಂದ ಹೊರಗಿನ ಕಾವು ಅವರೊಳಕ್ಕೆ ಬೇಗ ಇಳಿಯುತ್ತದೆ, ಬೆವರುವುದೂ ಕಡಮೆ. ಮುದುಕರಿಗೆ ತೊಂದರೆ ಬೇರೆ ದಾರಿಯಿಂದ: ವಯಸ್ಸಾದಂತೆ ಬಾಯಾರಿಕೆಯೇ ತಿಳಿಯುವುದಿಲ್ಲ. ಒಬ್ಬರಿಗೆ ಆಟದಲ್ಲಿ ನೀರಿನ ನೆನಪಿಲ್ಲ, ಇನ್ನೊಬ್ಬರಿಗೆ ನೀರು ಬೇಕೆನಿಸುವುದೇ ಇಲ್ಲ. ಕೇಳುವ ಮೊದಲೇ ಇಬ್ಬರಿಗೂ ಕುಡಿಸುತ್ತಿರಬೇಕು. ಇದನ್ನು ಕೇಳಿದ್ದೇ ತಡ, ಮಗು ಮುತ್ಯಾನನ್ನು ಕಾಯುವ ಕೆಲಸ ವಹಿಸಿಕೊಂಡಿತು. ಹತ್ತು ನಿಮಿಷಕ್ಕೊಮ್ಮೆ "ಮುತ್ಯಾ, ನೀರು ಕುಡಿ" ಎಂದು ತಂಬಿಗೆ ಹಿಡಿಯುವುದು, ಅವರು "ಮೊದಲು ನೀ ಕುಡಿಯವ್ವಾ" ಎನ್ನುವುದು. ಇದರಿಂದ ಇಬ್ಬರೂ ಕುಡಿದರು. ನಮಗೆ ಮಾತ್ರ ಎಷ್ಟೋ ಸಲ ತಂಬಿಗೆ ಬರಿದಾಗಿ ಸಿಕ್ಕಿತು.

ಮೊದಲ ದಿನ ಸಂಜೆ ಗೋಲ್ಕೊಂಡ. ಕಾಕತೀಯರ ಕಾಲದ ಕೋಟೆಯನ್ನು ಕುತುಬಶಾಹಿಗಳು ಕಲ್ಲಿನಲ್ಲಿ ಬಲಪಡಿಸಿ ಕಟ್ಟಿದರು. ೧೬೮೭ರಲ್ಲಿ ಔರಂಗಜೇಬ ಎಂಟು ತಿಂಗಳು ಮುತ್ತಿಗೆ ಹಾಕಿಯೂ ಗೋಡೆ ಒಡೆಯಲಾಗಲಿಲ್ಲ. ಕಡೆಗೆ ಒಳಗಿನವನೊಬ್ಬ ರಾತ್ರಿಯಲ್ಲಿ ಬಾಗಿಲು ತೆಗೆದ. ಮೇಲಿನ ಬಾಲಾ ಹಿಸ್ಸಾರಿಗೆ ೩೬೦ರಷ್ಟು ಮೆಟ್ಟಿಲು. ನಾಲ್ಕು ಗಂಟೆಯ ಬಿಸಿಲಿನಲ್ಲಿ ಕಲ್ಲು ಇನ್ನೂ ಹಂಚಿನಂತೆ ಕಾದಿತ್ತು. ಮಗುವನ್ನು ಎತ್ತಿಕೊಂಡು ಹತ್ತುವ ಉತ್ಸಾಹ ನಮ್ಮಲ್ಲಿ ಒಬ್ಬರಿಗಿತ್ತು, ಬುದ್ಧಿ ಇನ್ನೊಬ್ಬರಿಗಿತ್ತು. ಬುದ್ಧಿಗೆ ಜಯವಾಗಿ, ಒಬ್ಬರು ಮೇಲೆ ಹೋಗುವುದು, ಉಳಿದವರು ಒಳಬಾಗಿಲಿನ ಗುಮ್ಮಟದ ಕೆಳಗೆ ಗಾಳಿಗೆ ಕೂಡುವುದು ಎಂದಾಯಿತು. ಆ ಗುಮ್ಮಟದ ಕೆಳಗೆ ನಿಂತು ಚಪ್ಪಾಳೆ ತಟ್ಟಿದರೆ ಸುಮಾರು ಒಂದು ಕಿಲೋಮೀಟರ್ ದೂರದ ಬೆಟ್ಟದ ನೆತ್ತಿಗೆ ಕೇಳುತ್ತದೆ. ಕಾವಲಿನವರು ಮೇಲಿನವರಿಗೆ ಸುದ್ದಿ ಮುಟ್ಟಿಸಲು ಮಾಡಿಕೊಂಡ ಉಪಾಯ. ಹತ್ತುವ ದಾರಿಯಲ್ಲಿ ಭದ್ರಾಚಲದ ರಾಮದಾಸರನ್ನು ಇಟ್ಟಿದ್ದ ಸೆರೆಮನೆಯೂ ಸಿಗುತ್ತದೆ, ಕತ್ತಲು ಕೋಣೆ. ಸರಕಾರದ ಹಣದಲ್ಲಿ ರಾಮನಿಗೆ ಗುಡಿ ಕಟ್ಟಿಸಿದ ತಹಸೀಲದಾರ ಗೋಪಣ್ಣನ ಕತೆಯನ್ನು ನಮ್ಮ ಓದುಗರಲ್ಲಿ ಕೇಳದವರು ಕಡಮೆ.

ನೆತ್ತಿ ಮುಟ್ಟಿ ಕೆಳಗಿನವರಿಗೆ ಮೊಬೈಲಿನಲ್ಲಿ ಕರೆ ಮಾಡಿದರೆ ಮಾತು ಅರ್ಧಕ್ಕೇ ಕಡಿಯಿತು. ಮತ್ತೆ ಮಾಡಿದರೆ ತಗುಲಲೇ ಇಲ್ಲ. ಹೀಗೆ ಫೋನನ್ನು ಅಲ್ಲಾಡಿಸುತ್ತ ನಿಂತಿರುವಾಗ ಕೆಳಗಿನಿಂದ ಟಪ್, ಟಪ್, ಟಪ್ ಎಂದು ಮೂರು ಸಣ್ಣ ಸದ್ದು ಸ್ಪಷ್ಟವಾಗಿ ಬಂತು. ಸ್ವಲ್ಪ ತಡೆದು, ಇನ್ನೂ ಗಟ್ಟಿಯಾಗಿ ಮೂರು. ಮೊದಲಿನದು ಮಗುವಿನದು, ಆಮೇಲಿನದು ಮುತ್ಯಾನದು ಎಂದು ಇಳಿದು ಬಂದ ಮೇಲೆ ತಿಳಿಯಿತು. ನಾನೂರು ವರ್ಷದ ಹಿಂದಿನ ಏರ್ಪಾಟು ಅಂದು ನಮ್ಮ ಫೋನಿಗಿಂತ ಚೆನ್ನಾಗಿ ಕೆಲಸ ಮಾಡಿತು.

ಎರಡನೆಯ ದಿನ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯ. ನಡುಹಗಲನ್ನು ಕಳೆಯಲು ಆ ಊರಿನಲ್ಲಿ ಅದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಶುಕ್ರವಾರ ಮಾತ್ರ ಮುಚ್ಚಿರುತ್ತದೆ. ನಿಜಾಮರ ದಿವಾನರಾಗಿದ್ದ ಮೂರನೆಯ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನರು ಮದುವೆಯಾಗಲಿಲ್ಲ. ಇದ್ದ ಐಶ್ವರ್ಯವನ್ನೆಲ್ಲ ವಸ್ತುಗಳನ್ನು ಕೊಳ್ಳುವುದಕ್ಕೆ ಸುರಿದರು. ೧೯೪೯ರಲ್ಲಿ ಅವರು ತೀರಿಕೊಂಡರು. ೧೯೫೧ರಲ್ಲಿ ಅವರ ಹವೇಲಿಯಲ್ಲಿಯೇ ಸಂಗ್ರಹವನ್ನು ಜನರಿಗೆ ತೆರೆದರು. ೧೯೬೮ರಲ್ಲಿ ಮೂಸಿ ನದಿಯ ದಂಡೆಯ ಈಗಿನ ಕಟ್ಟಡಕ್ಕೆ ಬಂತು. ಎಲ್ಲವನ್ನೂ ನೋಡುತ್ತೇವೆಂದು ಹೋದವರು ಕಾಲು ನೋಯಿಸಿಕೊಂಡು ಏನನ್ನೂ ನೋಡದೆ ಬರುತ್ತಾರೆ. ಮಗು ಜೊತೆಗಿದ್ದರೆ ಈ ಅಪಾಯವಿಲ್ಲ. ಅದು ಮೂರನ್ನು ಆರಿಸಿಕೊಂಡು ಉಳಿದದ್ದನ್ನು ತಳ್ಳಿಹಾಕುತ್ತದೆ.

ನಮ್ಮ ಮಗು ಆರಿಸಿದ್ದರಲ್ಲಿ ಒಂದು, ಮುಸುಕಿನ ರೆಬೆಕಾ. ಇಟಲಿಯ ಶಿಲ್ಪಿ ಬೆಂಜೋನಿ ಕಡೆದ ಅಮೃತಶಿಲೆಯ ಹೆಣ್ಣು. ಮುಖದ ಮೇಲಿನ ತೆಳು ಮುಸುಕೂ ಕಲ್ಲೇ, ಅದರೊಳಗಿಂದ ಕಾಣುವ ಮೂಗು ಕಣ್ಣುಗಳೂ ಅದೇ ಕಲ್ಲು. ದೊಡ್ಡವರು ಬೆರಗಾಗಿ ನಿಂತಿದ್ದರು. ಮಗು ಬಹಳ ಹೊತ್ತು ನೋಡಿ, "ಅವಳಿಗೆ ಸೆಕೆ ಆಗೋದಿಲ್ಲವಾ?" ಎಂದಿತು. ಇನ್ನೊಂದು, ಗಡಿಯಾರ. ಗಂಟೆಗೆ ಕೆಲವು ನಿಮಿಷ ಮೊದಲೇ ಅದರ ಮುಂದೆ ಜನ ಸಿನಿಮಾಕ್ಕೆ ಕೂತಂತೆ ಸಾಲಾಗಿ ಕೂಡುತ್ತಾರೆ. ಒಬ್ಬ ಕಮ್ಮಾರ ಒಂದೊಂದು ಸೆಕೆಂಡಿಗೂ ಸುತ್ತಿಗೆ ಹೊಡೆಯುತ್ತಲೇ ಇರುತ್ತಾನೆ. ಗಂಟೆಯಾದಾಗ ಗಡ್ಡದ ಪುಟ್ಟ ಮನುಷ್ಯನೊಬ್ಬ ಬಾಗಿಲು ತೆರೆದು ಬಂದು, ಎಷ್ಟು ಗಂಟೆಯೋ ಅಷ್ಟು ಸಲ ಬಡಿದು ಒಳಗೆ ಹೋಗುತ್ತಾನೆ. ನಾವು ಹನ್ನೆರಡಕ್ಕೆ ಕೂತಿದ್ದೆವು. ಪೂರ್ಣ ಹನ್ನೆರಡು ಏಟು ದೊರೆಯಿತು. ಒಂದು ಗಂಟೆಗೂ ಇದ್ದು ಒಂದು ಏಟು ನೋಡಬೇಕೆಂದು ಹಟವಾಯಿತು. ಇದ್ದೆವು. ಆ ಒಂದು ಏಟಿಗೆ ಐವತ್ತೈದು ನಿಮಿಷ ಕೊಟ್ಟವರು ಭಾರತದಲ್ಲಿ ನಾವೊಬ್ಬರೇ ಇರಲಾರೆವು. ಪಕ್ಕದ ಬೆಂಚಿನಲ್ಲಿ ಇನ್ನೂ ಎರಡು ಸಂಸಾರಗಳು ಇದೇ ಕಾರಣಕ್ಕೆ ಕೂತಿದ್ದವು.

ಮೂರನೆಯ ದಿನ ಹಳೆಯ ಊರು. ಎಂಟೂವರೆಗೆಲ್ಲ ಚಾರ್‌ಮಿನಾರಿನ ಬಳಿ ಇದ್ದೆವು. ಅಲ್ಲಿ ಮುತ್ಯಾ ಇದ್ದಕ್ಕಿದ್ದ ಹಾಗೆ ಬೇರೆ ಮನುಷ್ಯರಾದರು. ಅವರು ಶಾಲೆಗೆ ಸೇರಿದ್ದು ೧೯೪೮ಕ್ಕಿಂತ ಮುಂಚೆ, ನಿಜಾಮರ ಕಾಲದಲ್ಲಿ. ಮೊದಲ ಅಕ್ಷರ ಕಲಿತದ್ದು ಉರ್ದುವಿನಲ್ಲಿ. ಕಲಬುರ್ಗಿಯ ಮನೆಯಲ್ಲಿ ಕನ್ನಡ ಪತ್ರಿಕೆಯನ್ನಲ್ಲದೆ ಬೇರೇನನ್ನೂ ಓದದ ಈ ಹಿರಿಯರು ಪತ್ಥರಗಟ್ಟಿಯ ಅಂಗಡಿ ಹಲಗೆಗಳನ್ನು ಒಂದಾದ ಮೇಲೊಂದರಂತೆ ಗಟ್ಟಿಯಾಗಿ ಓದುತ್ತ ನಡೆದರು: ಅತ್ತರು, ಮುತ್ತು, ಶೇರ್ವಾನಿ, ಕನ್ನಡಕ. ಮಗು ಬಾಯಿ ಬಿಟ್ಟುಕೊಂಡು ಕೇಳಿತು. ತನಗೂ ಓದಲು ಬಾರದ, ತಾಯಿತಂದೆಗಳಿಗೂ ಓದಲು ಬಾರದ ಬರಹವನ್ನು ಮುತ್ಯಾ ಓದುತ್ತಾರೆ ಎಂಬುದು ಅದಕ್ಕೆ ಆ ಪ್ರವಾಸದ ದೊಡ್ಡ ಸೋಜಿಗ.

ಮೊದಲು ಮಕ್ಕಾ ಮಸೀದಿಯ ಅಂಗಳ. ೧೬೧೭ರ ಹೊತ್ತಿಗೆ ಕುತುಬಶಾಹಿಗಳು ಶುರುಮಾಡಿದ ಈ ಕಲ್ಲಿನ ಕಟ್ಟಡ ಮುಗಿದದ್ದು ಅವರ ರಾಜ್ಯವೇ ಅಳಿದ ಮೇಲೆ, ೧೬೯೪ರಲ್ಲಿ, ಗೆದ್ದ ಔರಂಗಜೇಬನ ಕಾಲದಲ್ಲಿ. ಅಂಗಳದಲ್ಲಿ ನಿಜಾಮರ ಮನೆತನದವರ ಸಮಾಧಿಗಳೂ ಇವೆ. ಆದರೆ ಮಗು ಕಂಡದ್ದು ಪಾರಿವಾಳಗಳನ್ನು ಮಾತ್ರ. ನೂರಾರು ಒಟ್ಟಿಗೆ ಇಳಿಯುತ್ತವೆ, ಒಟ್ಟಿಗೆ ಏಳುತ್ತವೆ. "ಕಬೂತರ್! ಕಬೂತರ್!" ಎಂದು ಅದು ಪುಣೆಯ ಮಾತಿನಲ್ಲಿ ಕೂಗಿಕೊಂಡು ಓಡಿತು. "ಪಾರಿವಾಳ ಅನ್ನವ್ವಾ" ಎಂದು ಮುತ್ಯಾ ತಿದ್ದಿದರು. ಅಷ್ಟರಲ್ಲಿ ಕಾಳು ಮಾರುವವನು ಬಂದು, ಕಬೂತರಿಗೆ ಹಾಕಲು ಕಾಳು ಬೇಕೇ ಎಂದು ಕೇಳಿದ. ಮಗು ಮುತ್ಯಾನ ಕಡೆ ನೋಡಿತು. ಮುತ್ಯಾ ಸುಮ್ಮನೆ ಹತ್ತು ರೂಪಾಯಿ ತೆಗೆದು ಕೊಟ್ಟರು.

ಚಾರ್‌ಮಿನಾರ್ ಕಟ್ಟಿದ್ದು ೧೫೯೧ರಲ್ಲಿ, ಮಹಮ್ಮದ್ ಕುಲಿ ಕುತುಬ್ ಶಾಹ. ಗೋಲ್ಕೊಂಡದಲ್ಲಿ ಜನ ಹೆಚ್ಚಿ ನೀರು ಸಾಲದಾದಾಗ ಮೂಸಿಯ ಈಚೆಗೆ ಹೊಸ ಊರು ಕಟ್ಟಿ, ಅದರ ನಡುಮಧ್ಯಕ್ಕೆ ಇದನ್ನಿಟ್ಟ. ನಾಲ್ಕು ಬೀದಿಗಳು ಇಲ್ಲಿಂದಲೇ ನಾಲ್ಕು ದಿಕ್ಕಿಗೆ ಹೋಗುತ್ತವೆ. ನಾಲ್ಕು ಮುಖದ ಗಡಿಯಾರಗಳು ೧೮೮೯ರಲ್ಲಿ ಬಂದವು. ಒಳಗಿನ ಸುರುಳಿ ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಮೇಲಿನವರು ಇಳಿಯುವ ತನಕ ಕೆಳಗಿನವರು ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಮಗು ಬಲು ಧೈರ್ಯದಿಂದ ತಾನೇ ಹತ್ತಿತು. ಗಚ್ಚಿನ ದಪ್ಪ ಗೋಡೆಗಳ ನಡುವೆ ತಂಪಾಗಿತ್ತು. ಕಮಾನಿನಿಂದ ಗಾಳಿ ಬೀಸುತ್ತಿತ್ತು. ಕೆಳಗೆ ಕೊಡೆ ಹಿಡಿದು ನಿಂತ ಮುತ್ಯಾ ಮೇಲಿನಿಂದ ಒಂದು ಕಪ್ಪು ಅಣಬೆಯಂತೆ ಕಂಡರು. ಅಣಬೆಗೆ ಕೈ ಬೀಸಿದೆವು; ಅಣಬೆ ಮೇಲಕ್ಕೆತ್ತಿ ಇಳಿಯಿತು.

ಮುತ್ಯಾ ಮಗುವಿಗೆ ಲಾಡ್ ಬಜಾರಿನ ಅರಗಿನ ಬಳೆ ಕೊಡಿಸಬೇಕೆಂದಿದ್ದರು. ಅಲ್ಲಿ ಅಂಗಡಿಗಳ ಕದ ತೆರೆಯುವುದೇ ಹನ್ನೊಂದಕ್ಕೆ. ಇರಾನಿ ಹೋಟೆಲಿನಲ್ಲಿ ಚಹ, ಉಸ್ಮಾನಿಯಾ ಬಿಸ್ಕತ್ತು ಮುಗಿಸಿ ಬಜಾರಿನೊಳಕ್ಕೆ ಕಾಲಿಟ್ಟೆವು. ಮದುವೆಯ ಕಾಲ, ಸೀರೆಯ ಗಂಟು ಹೊತ್ತವರು, ಬಂಡಿಯವರು, ಮಕ್ಕಳನ್ನು ಎತ್ತಿದವರು, ಎಲ್ಲರೂ ಒಂದೇ ಓಣಿಯಲ್ಲಿ. ಮೊದಲ ಎರಡು ಅಂಗಡಿ ದಾಟುವುದಕ್ಕೆ ಕಾಲು ಗಂಟೆ. ಕಾದ ಅರಗನ್ನು ಕೆಂಡದ ಮೇಲೆ ಮೆದುಮಾಡಿ, ನೂಲಿನಂತೆ ಎಳೆದು, ಬಾಗಿಸಿ ಬಳೆ ಮಾಡಿ, ಅದು ಆರುವ ಮೊದಲು ಒಂದೊಂದೇ ಹರಳನ್ನು ಕೈಯಿಂದ ಒತ್ತುವ ಕೆಲಸವನ್ನು ಒಂದೆಡೆ ನಿಂತು ನೋಡಿದೆವು. ಹಾಗೆ ನೋಡುತ್ತಿರುವಾಗ ಮಗುವಿನ ಮಾತು ನಿಂತಿದ್ದು ನಮ್ಮ ಗಮನಕ್ಕೆ ಬಂತು.

ಒಂದು ನಿಮಿಷವೂ ಸುಮ್ಮನಿರದ ಮಗು ಹೆಗಲ ಮೇಲೆ ತಲೆ ಇಟ್ಟಿತ್ತು. ಮುಖ ಕೆಂಪಾಗಿ ಕಾದಿತ್ತು. ನೀರು ಕೊಟ್ಟರೆ ಬೇಡವೆಂದಿತು. ಬೆಳಿಗ್ಗೆ ಕುಡಿದ ಮಜ್ಜಿಗೆಯೆಲ್ಲ ಹೆಗಲ ಮೇಲೆಯೇ ಬಂತು. ಹಿಂದಕ್ಕೆ ಹೋಗಲು ಜನ, ಮುಂದಕ್ಕೆ ಹೋಗಲು ಜನ. ಆಟೋ ಸಿಕ್ಕುವ ರಸ್ತೆ ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ಸಿಕ್ಕುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ನಾಲ್ಕುನೂರು ವರ್ಷದ ಚರಿತ್ರೆ ಯಾರಿಗೂ ಬೇಡವಾಗುತ್ತದೆ. ಮುತ್ಯಾ ಹತ್ತಿರದ ಬಳೆಯಂಗಡಿಯ ಮುದುಕನಿಗೆ ದಖನಿಯಲ್ಲಿ ಎರಡು ಮಾತು ಹೇಳಿದರು. ಆತ ಎದ್ದು, ಗಿರಾಕಿಗಳ ಮುಂದೆ ಹರಡಿದ್ದ ಬಳೆಯ ಪೆಟ್ಟಿಗೆಗಳನ್ನು ಒಂದೇ ಕೈಯಿಂದ ಸರಿಸಿ, ಒಳಗಿನ ಬಿಳಿ ಹಾಸಿಗೆಯ ಮೇಲೆ ಮಗುವನ್ನು ಮಲಗಿಸಿಕೊಂಡ. ಪಂಖವನ್ನು ಅದರ ಕಡೆಗೆ ತಿರುಗಿಸಿದ. ಬಳೆ ಆರಿಸುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ಬುರ್ಖಾದ ಮುಖಪರದೆಯನ್ನು ಮೇಲಕ್ಕೆ ಹಾಕಿಕೊಂಡು, "ಬಚ್ಚೀ ಕೂ ಧೂಪ್ ಲಗೀ" ಎಂದು ಹೇಳಿ ತಾವೇ ಮುಂದಾದರು. ಕೈವಸ್ತ್ರ ತೋಯಿಸಿ ಕತ್ತಿಗೆ, ಕಂಕುಳಿಗೆ ಒತ್ತಿದರು. ಹುಡುಗನನ್ನು ಓಡಿಸಿ ನಿಂಬೆಹಣ್ಣು ತರಿಸಿ, ಉಪ್ಪು ಸಕ್ಕರೆ ಕದಡಿ, ಚಮಚದಿಂದ ಒಂದೊಂದೇ ಗುಟುಕು ಹಾಕಿದರು. ನಾವು ಲೋಟ ಹಿಡಿಯಹೋದರೆ ಕೈಯನ್ನು ತಳ್ಳಿದರು. ಒಮ್ಮೆಗೇ ಕುಡಿಸಿದರೆ ಮತ್ತೆ ವಾಂತಿಯಾಗುತ್ತದೆಂದು ಅವರಿಗೆ ಗೊತ್ತಿತ್ತು.

ಅರ್ಧ ಗಂಟೆ ಹೀಗೆ ಹೋಯಿತು. ಕೂತುಕೊಳ್ಳಿ ಎಂದು ಅಂಗಡಿಯವನು ಎಷ್ಟು ಹೇಳಿದರೂ ಮುತ್ಯಾ ಕೂಡಲಿಲ್ಲ. ಅವರ ಕೈಯಲ್ಲಿದ್ದ ಕೊಡೆಯ ತುದಿ ನೆಲಕ್ಕೆ ಟಕಟಕ ತಗುಲುತ್ತಿತ್ತು. ಅದು ಅವರ ಕೈ ನಡುಗುವ ಸದ್ದೆಂದು ನಮಗೆ ಆಮೇಲೆ ತಿಳಿಯಿತು. ಕಡೆಗೆ ಮಗು ಕಣ್ಣು ಬಿಟ್ಟು ಸುತ್ತಲಿನ ಹೊಳೆಯುವ ಗೋಡೆಯನ್ನು ನೋಡಿ, "ಆ ಹಸಿರಿಂದು" ಎಂದಿತು. ಅಂಗಡಿಯವನು ನಕ್ಕು ಹಸಿರು ಬಳೆಯ ಒಂದು ಜೊತೆ ತೆಗೆದು ತೊಡಿಸಿದ. ದುಡ್ಡು ತೆಗೆದುಕೊಳ್ಳಲಿಲ್ಲ. ಮುತ್ಯಾ ಮುಖ ಗಂಟು ಹಾಕಿ, ತಾನು ಕೊಡಿಸುತ್ತೇನೆಂದು ಮಗುವಿಗೆ ಮಾತು ಕೊಟ್ಟಿರುವುದರಿಂದ ದುಡ್ಡು ಕೊಡದೆ ವಿಧಿಯಿಲ್ಲವೆಂದು ವಾದ ಹೂಡಿದರು. ಇಬ್ಬರು ಮುದುಕರ ಈ ವಾದ ಬಹಳ ಮರ್ಯಾದೆಯ ಉರ್ದುವಿನಲ್ಲಿ ಬಹಳ ಹೊತ್ತು ನಡೆದು, ಕೊನೆಗೆ ಅರ್ಧ ಬೆಲೆಗೆ ಇತ್ಯರ್ಥವಾಯಿತು. ಆ ಹೆಂಗಸು ಅಷ್ಟರಲ್ಲಿ ಹೊರಟುಹೋಗಿದ್ದರು, ಹೆಸರನ್ನೂ ಕೇಳಲಾಗಲಿಲ್ಲ.

ಮನೆಗೆ ಬಂದಾಗ ಡಾಕ್ಟರಮ್ಮ ಮೊದಲು ಕೇಳಿದ್ದು, ಮಗು ಮೂತ್ರ ಮಾಡಿತೇ ಎಂದು. ಮಾಡಿತ್ತು. ಇದು ಬಿಸಿಲಿನ ಬಳಲಿಕೆ, ಬಿಸಿಲಿನ ಆಘಾತವಲ್ಲ ಎಂದರು. ಮೈ ಸುಡುತ್ತಿದ್ದು, ಮಗು ಮಂಕಾಗಿ ಕರೆದರೆ ಸರಿಯಾಗಿ ಓಗೊಡದಿದ್ದರೆ, ಇಲ್ಲವೆ ಅದಕ್ಕೆ ಸೆಳವು ಬಂದರೆ ಅದು ಆಘಾತ. ಆಗ ಮೈಗೆ ನೀರು ಹಾಕಿ ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಒಯ್ಯಬೇಕು, ಬಾಯಿಗೆ ಏನನ್ನೂ ಹಾಕಕೂಡದು. ಬಳಲಿಕೆಗೆ ನೆರಳು, ಒದ್ದೆ ಬಟ್ಟೆ, ಉಪ್ಪು ಸಕ್ಕರೆಯ ನೀರು ಸಾಕು: ಕಾಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಇಷ್ಟನ್ನು ನಾವು ಅಡಿಗೆಮನೆಯ ಗೋಡೆಗೆ ಬರೆದು ಅಂಟಿಸಿದ್ದೇವೆ, ಓದುಗರೂ ಅಂಟಿಸಬಹುದು.

ಮರುದಿನ ಸಂಜೆಯ ಗಾಡಿಗೆ ಹೊರಡಬೇಕು. ಹುಣಸೆಯ ಮರ ಉಳಿದೇ ಇತ್ತು. ರಾತ್ರಿ ಊಟದ ಹೊತ್ತಿಗೆ ಮುತ್ಯಾ ತಾವಾಗಿಯೇ, "ನಾಳೆ ಎಲ್ಲೂ ಬ್ಯಾಡ. ಕೂಸು ಮಲಕೊಳ್ಳಲಿ. ಮರ ಎಲ್ಲಿ ಹೋಗ್ತದ? ಅಲ್ಲೇ ಇರ್ತದ" ಎಂದರು. ಯಾರೂ ಏನೂ ಹೇಳಲಿಲ್ಲ. ಮರ ಅಲ್ಲೇ ಇರುತ್ತದೆಂಬುದರಲ್ಲಿ ನಮಗೂ ಸಂದೇಹವಿರಲಿಲ್ಲ. ಅವರೊಬ್ಬರನ್ನೇ ಕರೆದುಕೊಂಡು ಹೋಗಿ ಬರೋಣವೆಂದರೆ ಒಪ್ಪಲಿಲ್ಲ. ತಾನು ಅದನ್ನು ನೋಡಿದ್ದಾಗಿದೆ, ನೋಡಬೇಕಾದವಳು ಅವಳು, ಎಂದರು. ರಾತ್ರಿ ಎರಡು ಸಲ ಎದ್ದು ಬಂದು ಮಗುವಿನ ಹಣೆ ಮುಟ್ಟಿ ನೋಡಿ ಹೋದರು.

ಬೆಳಗಿನ ಐದೂವರೆಗೆ ಮಗು ಎದ್ದು, ಹಸಿವು ಎಂದಿತು. ಎರಡು ಇಡ್ಲಿ ತಿಂದು ಮೂರನೆಯದು ಕೇಳಿತು. ಡಾಕ್ಟರಮ್ಮ ನಾಡಿ ನೋಡಿ, ಎಂಟರೊಳಗೆ ಮನೆಯಲ್ಲಿರುವುದಾದರೆ ಹೋಗಿಬನ್ನಿ ಎಂದರು. ಆರೂಕಾಲಿಗೆ ಆಟೋದಲ್ಲಿದ್ದೆವು. ಮುತ್ಯಾ ಮಡಿ ಧೋತರ ಉಟ್ಟು, ತಲೆಗೆ ರುಮಾಲು ಸುತ್ತಿದ್ದರು.

ಆ ಮರ ಅಫಜಲಗಂಜಿನಲ್ಲಿ, ಉಸ್ಮಾನಿಯಾ ಆಸ್ಪತ್ರೆಯ ಆವರಣದ ಉದ್ಯಾನದಲ್ಲಿದೆ, ಹಿಂದೆಯೇ ಮೂಸಿ. ಇಂದು ಮೂಸಿಯನ್ನು ನದಿ ಎನ್ನುವುದಕ್ಕೆ ಮೂಗು ಒಪ್ಪುವುದಿಲ್ಲ. ೧೯೦೮ರ ಸೆಪ್ಟೆಂಬರ್ ೨೮ರಂದು ಇದೇ ನೀರು ಊರನ್ನು ನುಂಗಿತು. ಮೇಲಿನ ಬಯಲಿನಲ್ಲಿದ್ದ ನೂರಾರು ಕೆರೆಗಳಲ್ಲಿ ಇನ್ನೂರಕ್ಕೂ ಹೆಚ್ಚು, ಒಂದರ ನೀರು ಇನ್ನೊಂದಕ್ಕೆ ನುಗ್ಗಿ, ಒಡೆದುಹೋಗಿದ್ದವು. ಸುಮಾರು ೧೫,೦೦೦ ಜನ ಸತ್ತರೆಂದು ಲೆಕ್ಕ. ಉರ್ದು ಕವಿ ಅಮ್ಜದ್ ಹೈದರಾಬಾದಿಯವರ ತಾಯಿ, ಹೆಂಡತಿ, ಮಗಳು ಅವರ ಕಣ್ಣೆದುರಿಗೇ ಹೋದರು. ಈ ಹುಣಸೆಯ ಮರವನ್ನು ಹತ್ತಿ ಸುಮಾರು ೧೫೦ ಮಂದಿ ಉಳಿದುಕೊಂಡರು.

ಆಗ ನಿಜಾಮರ ಸರಕಾರ ಕರೆಸಿದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಮುಂಬಯಿ ಸರಕಾರದ ಕೆಲಸ ಬಿಟ್ಟು ಪರದೇಶದ ಪ್ರವಾಸದಲ್ಲಿದ್ದವರು ೧೯೦೯ರಲ್ಲಿ ಬಂದು, ಕೆರೆಗಳನ್ನೂ ನದಿಯನ್ನೂ ಅಳೆದು ನೋಡಿ, ಊರಿನೊಳಗೆ ದಂಡೆ ಎತ್ತರಿಸಿದರೆ ಸಾಲದು, ಊರಿಗೆ ಬರುವ ಮೊದಲೇ ನೆರೆಯನ್ನು ಮೇಲೆಯೇ ತಡೆಹಿಡಿಯಬೇಕು ಎಂದು ಬರೆದುಕೊಟ್ಟರು. ಅದರಂತೆ ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ ೧೯೨೦ರಲ್ಲಿ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ ೧೯೨೭ರಲ್ಲಿ ಮುಗಿದವು. ನೆರೆ ತಡೆಯಲೆಂದು ಕಟ್ಟಿದ ಕೆರೆಗಳೇ ಊರಿಗೆ ಕುಡಿಯುವ ನೀರನ್ನೂ ಕೊಟ್ಟವು. ಕನ್ನಂಬಾಡಿಯ ವಿಶ್ವೇಶ್ವರಯ್ಯನವರನ್ನು ಬಲ್ಲ ನಮ್ಮ ಮಕ್ಕಳಿಗೆ ಹೈದರಾಬಾದಿನ ವಿಶ್ವೇಶ್ವರಯ್ಯನವರು ಗೊತ್ತಿಲ್ಲ. ಅಲ್ಲಿ ವಾಸವಾಗಿರುವ ಕನ್ನಡ ಮಕ್ಕಳಿಗಾದರೂ ಗೊತ್ತಿರಬೇಕು.

ಮರದ ಬುಡ ಇಬ್ಬರು ಮೂವರು ಕೈ ಕೂಡಿಸಿದರೂ ತಬ್ಬಲಾಗದಷ್ಟು. ಮುತ್ಯಾ ಚಪ್ಪಲಿ ಕಳಚಿಟ್ಟು, ಅಂಗೈಯನ್ನು ಕಾಂಡಕ್ಕೆ ಒತ್ತಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಹೇಳತೊಡಗಿದರು. ಅವರ ಅಜ್ಜ ಇಪ್ಪತ್ತಮೂರರ ಪ್ರಾಯದಲ್ಲಿ ಹೈದರಾಬಾದಿನ ಕಚೇರಿಯೊಂದರಲ್ಲಿ ಕಾಗದ ನಕಲು ಮಾಡುವ ಕೆಲಸದಲ್ಲಿದ್ದರು. ಓದಿಸಲೆಂದು ಹದಿನಾಲ್ಕು ವರ್ಷದ ತಮ್ಮನನ್ನೂ ಊರಿನಿಂದ ಕರೆತಂದು ಇಟ್ಟುಕೊಂಡಿದ್ದರು. ನೀರು ಏರಿದಾಗ ಇಬ್ಬರೂ ಈ ಮರ ಹತ್ತಿದರು. ಅಜ್ಜ ಧೋತರ ಬಿಚ್ಚಿ ತಮ್ಮನನ್ನು ಕೊಂಬೆಗೆ ಕಟ್ಟಿದರು. ರಾತ್ರಿಯೆಲ್ಲ ಮಳೆ. ತಮ್ಮ ಮಾತಾಡುತ್ತಲೇ ಇದ್ದ, ಅವ್ವನ ವಿಷಯ, ಊರಿನ ಎತ್ತುಗಳ ವಿಷಯ. ನಸುಕಿನಲ್ಲಿ ಅಜ್ಜನಿಗೆ ಒಂದು ಗಳಿಗೆ ಕಣ್ಣು ಹತ್ತಿತು. ಎಚ್ಚರವಾದಾಗ ಕೊಂಬೆಯ ಮೇಲೆ ಧೋತರ ಮಾತ್ರ ಇತ್ತು.

"ಆಮೇಲ?" ಎಂದಿತು ಮಗು.

"ಆಮೇಲ ನೀರು ಇಳೀತು. ಅಜ್ಜ ಇಳಿದು ಊರಿಗೆ ಬಂದ್ರು. ನಾಲ್ಕು ವರ್ಷಕ್ಕ ನಮ್ಮಪ್ಪ ಹುಟ್ಟಿದ್ರು. ತಮ್ಮನ ಹೆಸರು ಇಟ್ರು."

"ಆ ತಮ್ಮ ಎಲ್ಲಿ ಹೋದ?"

ಮುತ್ಯಾ ಉತ್ತರ ಹೇಳಲಿಲ್ಲ. ಮಗು ತಲೆ ಎತ್ತಿ ಕೊಂಬೆಗಳನ್ನೆಲ್ಲ ಒಂದೊಂದಾಗಿ ನೋಡಿತು, ಅವನು ಇನ್ನೂ ಅಲ್ಲಿಯೇ ಎಲ್ಲಾದರೂ ಕೂತಿರಬಹುದೆಂಬಂತೆ. ಕೆಳಗಿನ ರೆಂಬೆಯೊಂದರಲ್ಲಿ ಎಳೆ ಚಿಗುರಿತ್ತು. ಮುತ್ಯಾ ಎರಡೆಲೆ ಚಿವುಟಿ ಒಂದನ್ನು ಮಗುವಿನ ಬಾಯಿಗೂ ಒಂದನ್ನು ತಮ್ಮ ಬಾಯಿಗೂ ಹಾಕಿದರು. ಹುಳಿಗೆ ಇಬ್ಬರೂ ಕಣ್ಣು ಮುಚ್ಚಿದರು. ಏಳೂವರೆಗೆ ಬಿಸಿಲು ಚುರುಕಾಯಿತು. ಮಗುವೇ ಮುತ್ಯಾನ ಕೈ ಹಿಡಿದು, "ನಡಿ, ನೆರಳಿಗೆ ಹೋಗೋಣ" ಎಂದಿತು.

ಸಂಜೆಯ ಗಾಡಿ ಕಲಬುರ್ಗಿ ಮುಟ್ಟಿದಾಗ ರಾತ್ರಿಯಾಗಿತ್ತು. ಮಗು ಹಸಿರು ಬಳೆಯ ಕೈಯನ್ನು ಕೆನ್ನೆಯ ಕೆಳಗಿಟ್ಟು ಮಲಗಿತ್ತು. ಎಬ್ಬಿಸಹೋ‌ದರೆ ಮುತ್ಯಾ ಬೇಡವೆಂದು ಸನ್ನೆ ಮಾಡಿದರು; ಉಸ್ಮಾನಿಯಾ ಬಿಸ್ಕತ್ತಿನ ಪೊಟ್ಟಣವನ್ನು ಕೈಚೀಲಕ್ಕೆ ಸೇರಿಸಿ, ತಂಬಿಗೆಯನ್ನು ಮಾತ್ರ ಮಗುವಿನ ತಲೆಯ ಬಳಿ ಬಿಟ್ಟರು. ಇಳಿದು ಕಿಟಕಿಗೆ ಬಂದು, "ದೌಂಡದಾಗ ಎಚ್ಚರ ಆಗ್ತಾಳ. ಮೊದಲು ನೀರು ಕೊಡ್ರಿ" ಎಂದರು. ಗಾಡಿ ಹೊರಟಿತು.